ಹುಳದ ರಜೆ

ಎರಡು ವರ್ಷಕ್ಕೊಮ್ಮೆ, ಜುಲೈ ಮೊದಲ ವಾರ,
ಪೆಟ್ರೋಲ್ ಬಂಕಿನ ಮಾಲೀಕ ನನ್ನ ಅರ್ಜಿ ಹಿಡಿದು
ಕನ್ನಡಕ ಹಣೆಗೇರಿಸುತ್ತಾನೆ.
‘ಕಾರಣ’ ಎಂಬಲ್ಲಿ ಬರೆದಿರುತ್ತೇನೆ: ಹುಳ.
ಹೊಟ್ಟೆಯಲ್ಲೋ? ಎನ್ನುತ್ತಾನೆ.
ಸದ್ಯಕ್ಕೆ ಮರದಲ್ಲಿ, ಎನ್ನುತ್ತೇನೆ,
ಹೊಟ್ಟೆಗೆ ಆಮೇಲೆ.

ಉಪ್ಪು ಸರೋವರ ದಾಟಿ, ಬೋಳು ಗುಡ್ಡ ಬಳಸಿ
ಜೀಪು ಏರಿದರೆ ಜೆಫ್ರಿ ಪೈನ್ ಕಾಡು.
ತೊಗಟೆಗೆ ಮೂಗಿಟ್ಟರೆ ವೆನಿಲಾ.
ನೆಲವೆಲ್ಲ ನೊರೆಗಲ್ಲು, ಹಿಂದೆಂದೋ ಬೆಂಕಿಬೆಟ್ಟ ಉಗುಳಿದ್ದು,
ಹುರಿದ ಕಾಳಿನ ಹಾಗೆ ಕಾಲಡಿ ನುರಿಯುತ್ತದೆ.
ಮೇಲೆ, ಸೂಜಿ ಎಲೆಗಳ ಬುಡದಲ್ಲಿ
ಹಿಮದ ತಿಂಗಳೆಲ್ಲ ಒಂದಕ್ಕೊಂದು ಅಂಟಿ ಕೂತಿದ್ದವು
ಈಗ ಬೆರಳುದ್ದ. ಕಿವಿಗೊಟ್ಟರೆ ಮಳೆಯ ಸದ್ದು.
‘ಹಿಕ್ಕೆ ಉದುರುವ ಸದ್ದು ಅದು,’
ಅಜ್ಜಿ ತಿದ್ದುತ್ತಿದ್ದಳು, ‘ಟೋಪಿ ಹಾಕಿಕೋ.’

ಅರ್ಲೀನಾ ಅಂತ ಅಜ್ಜಿಯ ಹೆಸರು.
ನಾವು ಪೈಯೂಟ್ ಜನ; ಈ ಹುಳಕ್ಕೆ ನಮ್ಮಲ್ಲಿ ‘ಪಿಯಾಗಿ’.
ಅರಣ್ಯ ಇಲಾಖೆಯ ನಕ್ಷೆಯಲ್ಲಿ ಕೆಂಪು ಶಾಯಿಯ ‘ಪೀಡೆ’.
ಒಂದು ಸಲ, ಔಷಧಿ ಹೊಡೆಯಲು ಗುರುತು ಹಾಕುತ್ತ ಬಂದ
ಮೀಸೆ ಚಿಗುರದ ಅಧಿಕಾರಿಗೆ
ಅಜ್ಜಿ ಬಟ್ಟಲು ತುಂಬ ಬಡಿಸಿದಳು.
ತಿಂದ. ಅಣಬೆಯ ಹಾಗಿದೆ ಎಂದ.
ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ.
ಬಟ್ಟಲು ತೊಳೆಯುವಾಗ ಮೆಲ್ಲಗೆ ಅಂದಳು:
‘ಪೀಡೆ ಕಳೀತು.’

ಮರದ ಸುತ್ತ ಕಾಲುವೆ ತೋಡಬೇಕು, ಮೊಣಕೈ ಆಳ.
ಹೊರಗೋಡೆ ನೆಟ್ಟಗಿರಬೇಕು, ತುಸು ಒಳಕ್ಕೇ ಬಾಗಿ;
ಒಳಗೋಡೆ ಹೇಗಿದ್ದರೂ ನಡೆಯುತ್ತದೆ.
ಹುಳ ಇಳಿಯುವುದು ಮಣ್ಣಿಗೆ,
ಕೋಶದೊಳಗೆ ಒಂದು ವರ್ಷ ಮಲಗಲು,
ಆಮೇಲೆ ಬಾಯಿಯೇ ಇಲ್ಲದ ಬೂದು ಪತಂಗವಾಗಿ ಏಳಲು.
‘ತಿನ್ನುವುದೆಲ್ಲ ಮೊದಲೇ ಮುಗಿಸಿಬಿಡುತ್ತೆ ನೋಡು.
ಹಾರುವಾಗ ಊಟದ ಚಿಂತೆಯಿಲ್ಲ.’
ಒಂದು ಮರವನ್ನು ಮಾತ್ರ ಅಜ್ಜಿ ಮುಟ್ಟುತ್ತಿರಲಿಲ್ಲ.
ಯಾವುದೆಂದು ಪ್ರತಿ ಸಲ ಅವಳೇ ಆರಿಸಬೇಕು.
ಹೇಗೆ ಆರಿಸುತ್ತೀ ಎಂದು ಕೇಳಲು
ಮೂವತ್ತು ವರ್ಷ ಇತ್ತು ನನಗೆ.

ಅವಳು ಹೋದದ್ದು ಹುಳ ಮಣ್ಣಿನಡಿಯಿದ್ದ ವರ್ಷ.

ಈ ಸಲ ಗುದ್ದಲಿ ನನ್ನ ಕೈಲಿ.
ಮಾವ ವಿಲ್ಬರ್ಟನಿಗೆ ಮಂಡಿನೋವು, ಜೀಪಿನಲ್ಲೇ ರೇಡಿಯೋ.
ಏಳು ಮರ ಸುತ್ತಿದೆ. ಅಂಗೈ ಬೊಬ್ಬೆಯೆದ್ದಿತು.
ನಸುಕಿಗೇ ಎದ್ದು ಬೆಂಕಿ ಹಾಕಿ ಮರಳು ಕಾಯಿಸಿಟ್ಟು
ಬುಟ್ಟಿ ಹಿಡಿದು ಹೋದರೆ
ಕಾಲುವೆಗಳು ಖಾಲಿ.
ಹೊರಗೋಡೆಯ ಮೇಲೆ, ನೊರೆಗಲ್ಲಿನ ಪುಡಿಯಲ್ಲಿ,
ಸಾವಿರ ಗೀಟು, ಕೆಳಗಿಂದ ಮೇಲಕ್ಕೆ,
ಒಂದೂ ಹಿಂದಿರುಗಿದ ಗುರುತಿಲ್ಲ.
ಗೋಡೆ ಓರೆಯಾಗಿತ್ತು. ತೋಡುವಾಗ ಸೊಂಟಕ್ಕೆ ಹಾಯಾಗಲೆಂದು
ಹೊರಕ್ಕೆ ವಾಲಿ ನಿಂತಿದ್ದೆ, ಅಷ್ಟೇ.

ವಿಲ್ಬರ್ಟ್ ಕುಂಟುತ್ತ ಬಂದು ನೋಡಿದ,
ನಕ್ಕು ನಕ್ಕು ಕೆಮ್ಮಿದ.
‘ಒಂದು ಮರ ಬಿಡುತ್ತಿದ್ದಳು ನಿಮ್ಮಜ್ಜಿ.
ಏಳನ್ನೂ ಬಿಟ್ಟೆಯಲ್ಲೇ, ಮಹಾದಾನಿ!’
ಕೊನೆಯ ಮರದ ಬೇರೊಂದು ಅಡ್ಡ ಬಂದು
ಗೋಡೆ ತಾನಾಗಿ ನೆಟ್ಟಗಾದ ಮೂಲೆಯಲ್ಲಿ
ಹದಿನಾಲ್ಕು ಉಳಿದಿದ್ದವು.
ಕಾದ ಮರಳು ದಂಡವಾಗದಿರಲೆಂದು ಹುರಿದೆ,
ಜರಡಿಯಾಡಿದೆ, ತೊಳೆದು ಬೇಯಿಸಿದೆ.
ಉಪ್ಪು ಹೆಚ್ಚಾಯಿತು. ಇಬ್ಬರೂ ಏನೂ ಅನ್ನದೆ ತಿಂದೆವು,
ಅವನ ಪಾಲಿಗೆ ಎಂಟು, ನನಗೆ ಆರು.

ಮುಂದಿನ ಬೇಸಿಗೆ ಕಣಿವೆಯ ದೀಪ ದೀಪಕ್ಕೂ
ಪತಂಗ ಮುತ್ತುತ್ತವೆ. ನಮ್ಮ ಬಂಕಿನ ಬೋರ್ಡಿಗೂ.
ಬೆಳಿಗ್ಗೆ ಪೊರಕೆ ಹಿಡಿಯುವವಳು ನಾನೇ.
ಎಲ್ಲಿಂದ ಬಂದವು ಇಷ್ಟೊಂದು, ಎಂದು ಮಾಲೀಕ ಗೊಣಗಿದರೆ
ನಮ್ಮವೇ, ಎನ್ನಬೇಕು.
ಗೋಡೆ ಓರೆಯಾಗಿತ್ತು.